ಅಮೆರಿಕದ ಸಣ್ಣ ಊರೊಂದರ ಜನಾಂಗೀಯ ಚಿತ್ರ: ಯಾವ ಪ್ರಶ್ನೆಗೆ ಯಾವ ಅಂಕಿಅಂಶ?

ಅಮೆರಿಕದ ಸಣ್ಣ ಊರುಗಳಿಗೆ ಕೆಲಸದ ಮೇಲೆ ಹೋಗಿ ನೆಲೆಸುವ ಕನ್ನಡ ಕುಟುಂಬಗಳು ಈಗ ಅಪರೂಪವಲ್ಲ. ವೀಸಾ ವಿನಾಯಿತಿಯ ಷರತ್ತಿನಂತೆ ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿಯಲು ಒಪ್ಪಿಕೊಂಡ ವೈದ್ಯರು, ಕಾರ್ಖಾನೆಯ ಪಕ್ಕದಲ್ಲೇ ಮುಖ್ಯ ಕಚೇರಿಯನ್ನಿಟ್ಟುಕೊಂಡ ಕಂಪನಿಗಳ ಎಂಜಿನಿಯರುಗಳು, ದೊಡ್ಡ ನಗರದಿಂದ ದೂರವಿರುವ ವಿಶ್ವವಿದ್ಯಾಲಯಗಳಲ್ಲಿ ಓದುವವರು ಮತ್ತು ಕಲಿಸುವವರು ಇಂತಹ ಊರುಗಳಲ್ಲಿ ವರ್ಷಗಟ್ಟಲೆ ಬದುಕುತ್ತಾರೆ. ಹೊರಡುವ ಮುನ್ನ ಮನೆಯವರೆಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ಅಲ್ಲಿ ಯಾವ ಜನರಿದ್ದಾರೆ, ನಮ್ಮ ಮಕ್ಕಳು ಯಾರ ನಡುವೆ ಬೆಳೆಯುತ್ತಾರೆ? ಈ ಪ್ರಶ್ನೆಯನ್ನು ಮನೆ ತೋರಿಸುವ ಏಜೆಂಟರಿಗೆ ಕೇಳಿದರೆ ಸಾಮಾನ್ಯವಾಗಿ ಉತ್ತರ ಸಿಗುವುದಿಲ್ಲ. ಗ್ರಾಹಕರನ್ನು ಜನಾಂಗದ ಆಧಾರದ ಮೇಲೆ ಒಂದು ಬಡಾವಣೆಯತ್ತ ಕರೆದೊಯ್ಯುವುದನ್ನೂ ಇನ್ನೊಂದರಿಂದ ದೂರವಿಡುವುದನ್ನೂ 1968ರ ಫೇರ್ ಹೌಸಿಂಗ್ ಕಾಯ್ದೆ ನಿಷೇಧಿಸಿರುವುದರಿಂದ, ನೆರೆಹೊರೆಯವರ ಜನಾಂಗದ ಬಗ್ಗೆ ಮಾತನಾಡದಿರುವುದೇ ಏಜೆಂಟರಿಗೆ ಸರಿಯಾದ ದಾರಿ. ಆ ಕಾಯ್ದೆಯ ಹಿಂದೆ ಕಪ್ಪು ವರ್ಣೀಯರು ಅನುಭವಿಸಿದ ದೀರ್ಘ ಅನ್ಯಾಯದ ಚರಿತ್ರೆ ಇದೆ, ಆದ್ದರಿಂದ ಅವರ ಮೌನವನ್ನು ಗೌರವಿಸಬೇಕು. ಹಾಗಾದಾಗ ಉಳಿಯುವ ದಾರಿಯೆಂದರೆ ಸರ್ಕಾರಿ ಅಂಕಿಅಂಶಗಳನ್ನು ನಾವೇ ಓದುವುದು.

ಅಂಕಿಅಂಶಗಳು ಧಾರಾಳವಾಗಿ ಸಿಗುತ್ತವೆ, ಅವೆಲ್ಲವೂ ಉಚಿತ. ಆದರೆ ಒಂದೇ ಊರಿನ ಬಗ್ಗೆ ಎರಡು ಮೂಲಗಳು ಎರಡು ಬೇರೆ ಸಂಖ್ಯೆಗಳನ್ನು ಕೊಡುವುದುಂಟು, ಮತ್ತು ಊರು ಸಣ್ಣದಾದಷ್ಟೂ ಆ ವ್ಯತ್ಯಾಸ ದೊಡ್ಡದಾಗುತ್ತದೆ. ಹತ್ತು ಲಕ್ಷ ಜನರ ನಗರಕ್ಕೆ ಯಾವ ಕೋಷ್ಟಕವನ್ನು ತೆರೆದರೂ ಹೆಚ್ಚುಕಡಿಮೆ ಒಂದೇ ಚಿತ್ರ ಮೂಡುತ್ತದೆ, ಎರಡು ಸಾವಿರ ಜನರ ಊರಿಗೆ ಹಾಗಾಗುವುದಿಲ್ಲ. ಆದ್ದರಿಂದ ಸಣ್ಣ ಊರನ್ನು ಅರಿಯಲು ಹೊರಟವರು ತಮ್ಮ ಪ್ರಶ್ನೆ ಯಾವುದೆಂದು ಮೊದಲು ಸ್ಪಷ್ಟಪಡಿಸಿಕೊಂಡು, ಅದಕ್ಕೆ ತಕ್ಕ ಮೂಲವನ್ನು ಆಯ್ದುಕೊಳ್ಳಬೇಕೆಂಬುದು ಈ ಬರಹದ ವಾದ.

ಜನಗಣತಿಯೋ, ಮಾದರಿ ಸಮೀಕ್ಷೆಯೋ

ಮೊದಲ ಆಯ್ಕೆ ಎರಡು ದೊಡ್ಡ ಮೂಲಗಳ ನಡುವಿನದು. ಅಮೆರಿಕದ ಸಂವಿಧಾನದ ಅಪ್ಪಣೆಯಂತೆ 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿರುವ ಜನಗಣತಿ ಪ್ರತಿಯೊಬ್ಬರನ್ನೂ ಎಣಿಸಲು ಯತ್ನಿಸುತ್ತದೆ. ಈಚಿನ ಗಣತಿ 2020ರ ಏಪ್ರಿಲ್ 1ರ ಸ್ಥಿತಿಯನ್ನು ಹೇಳುತ್ತದೆ. ಇನ್ನೊಂದು ಮೂಲ ಅಮೆರಿಕನ್ ಕಮ್ಯುನಿಟಿ ಸರ್ವೆ. ಇದು 2005ರಿಂದ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿದ್ದು, ದೇಶದಾದ್ಯಂತ ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳನ್ನು ಆಯ್ದು, ಹುಟ್ಟಿದ ದೇಶ, ಮನೆಮಾತು, ವಿದ್ಯೆ, ವರಮಾನ ಮುಂತಾದ ಹತ್ತಾರು ವಿಷಯಗಳನ್ನು ಕೇಳುತ್ತದೆ. 2020ರ ಗಣತಿಯ ನಮೂನೆಯಲ್ಲಿ ವಯಸ್ಸು, ಲಿಂಗ, ಜನಾಂಗ, ಹಿಸ್ಪಾನಿಕ್ ಮೂಲ (ಮೆಕ್ಸಿಕೋದಂತಹ ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲ), ಮನೆಯಲ್ಲಿರುವವರ ಸಂಬಂಧ, ಮನೆ ಸ್ವಂತದ್ದೋ ಬಾಡಿಗೆಯದೋ ಎಂಬಷ್ಟೇ ಇದ್ದವು. ಹಾಗಾಗಿ ಗಣತಿ ಅಗಲವಾಗಿ ಎಲ್ಲರನ್ನೂ ಮುಟ್ಟುತ್ತದೆ, ಸಮೀಕ್ಷೆ ಕೆಲವರನ್ನೇ ಆಳವಾಗಿ ಕೇಳುತ್ತದೆ.

ಸಮೀಕ್ಷೆಯ ಒಂದು ವರ್ಷದ ಫಲಿತಾಂಶ 65,000 ಅಥವಾ ಅದಕ್ಕೂ ಹೆಚ್ಚು ಜನರಿರುವ ಪ್ರದೇಶಗಳಿಗೆ ಮಾತ್ರ ಪ್ರಕಟವಾಗುತ್ತದೆ. ಸಣ್ಣ ಊರಿಗೆ ಸಿಗುವುದು ಐದು ವರ್ಷಗಳ ಉತ್ತರಗಳನ್ನು ಒಟ್ಟುಗೂಡಿಸಿದ ಅಂದಾಜು. ಉದಾಹರಣೆಗೆ, 2019ರಿಂದ 2023ರವರೆಗಿನ ಅಂದಾಜು ಆ ಯಾವುದೇ ಒಂದು ವರ್ಷದ ಚಿತ್ರವಲ್ಲ, ಐದೂ ವರ್ಷಗಳ ಸರಾಸರಿ. ಅದರ ಜೊತೆಗೆ ಪ್ರತಿ ಸಂಖ್ಯೆಯ ಪಕ್ಕದಲ್ಲೂ ದೋಷದ ಮಿತಿ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ, ಅದನ್ನು ಓದದೆ ಮುಂದಿನದನ್ನು ಓದಬಾರದು. ಒಂದು ಊರಿನಲ್ಲಿ ಏಷ್ಯನ್ನರ ಸಂಖ್ಯೆ 180, ದೋಷದ ಮಿತಿ 110 ಎಂದಿದ್ದರೆ, ನಿಜವಾದ ಸಂಖ್ಯೆ 70ರಿಂದ 290ರ ನಡುವೆ ಇರಬಹುದೆಂದು ಸಮೀಕ್ಷಕರು ಶೇ. 90ರಷ್ಟು ವಿಶ್ವಾಸದಿಂದ ಹೇಳುತ್ತಿದ್ದಾರೆ ಎಂದರ್ಥ. ಪಕ್ಕದ ಊರಿನಲ್ಲಿ ಅದೇ ಸಂಖ್ಯೆ 90, ಮಿತಿ 75 ಎಂದಿಟ್ಟುಕೊಳ್ಳೋಣ. ಮೇಲ್ನೋಟಕ್ಕೆ ಮೊದಲ ಊರಿನಲ್ಲಿ ಎರಡು ಪಟ್ಟು ಏಷ್ಯನ್ನರಿದ್ದಾರೆ. ಆದರೆ ಎರಡು ಮಿತಿಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 133 ಬರುತ್ತದೆ, ಊರುಗಳ ನಡುವಿನ ವ್ಯತ್ಯಾಸವಾದರೋ 90 ಮಾತ್ರ. ವ್ಯತ್ಯಾಸವು ಆ ವರ್ಗಮೂಲಕ್ಕಿಂತ ಕಡಿಮೆಯಿರುವಾಗ, ಎರಡು ಊರುಗಳಲ್ಲಿ ಯಾವುದರಲ್ಲಿ ಏಷ್ಯನ್ನರು ಹೆಚ್ಚೆಂದು ಸಮೀಕ್ಷೆಯ ಬಲದ ಮೇಲೆ ಹೇಳಲಾಗದು. ಈ ಸಣ್ಣ ಲೆಕ್ಕವನ್ನು ಮಾಡದೆ ಊರುಗಳನ್ನು ಶ್ರೇಣಿಗೊಳಿಸುವ ಜಾಲತಾಣಗಳು ಹೇರಳವಾಗಿವೆ. ಎರಡು ಸಾವಿರ ಜನರ ಊರನ್ನು ‘ರಾಜ್ಯದ ಅತಿ ವೈವಿಧ್ಯಮಯ ಊರು’ ಎಂದು ಅವು ಸಾರಿದಾಗ, ಆ ಪಟ್ಟಿ ಯಾವ ಮೂಲದಿಂದ ಬಂದಿದೆಯೆಂದು ನೋಡುವುದು ಅವಶ್ಯ.

ಹಾಗೆಂದು ಗಣತಿಯ ಸಂಖ್ಯೆಗಳೂ ಪರಿಪೂರ್ಣವಲ್ಲ. 2020ರ ಗಣತಿಯಲ್ಲಿ ವ್ಯಕ್ತಿಗಳ ಗುರುತು ಬಯಲಾಗದಂತೆ ಕಾಪಾಡಲು, ರಾಜ್ಯಗಳ ಒಟ್ಟು ಜನಸಂಖ್ಯೆಯನ್ನು ಬಿಟ್ಟು ಕೆಳಗಿನ ಹಂತದ ಸಂಖ್ಯೆಗಳಲ್ಲಿ ಗಣಿತದ ನಿಯಮಕ್ಕನುಸಾರವಾಗಿ ಸಣ್ಣ ಏರುಪೇರುಗಳನ್ನು ಬೆರೆಸಲಾಗಿದೆ. ಊರಿನ ಮಟ್ಟದ ಒಟ್ಟು ಸಂಖ್ಯೆಗೆ ಇದರಿಂದ ಹೆಚ್ಚಿನ ಹಾನಿಯಿಲ್ಲ, ಆದರೆ ಬೀದಿಗಳು ಸುತ್ತುವರಿದ ಒಂದು ಬ್ಲಾಕಿನಲ್ಲಿ (ಗಣತಿಯ ಅತಿ ಸಣ್ಣ ಘಟಕ) ಮೂವರು ಏಷ್ಯನ್ನರಿದ್ದಾರೆಂದು ಬರೆದಿದ್ದರೆ ಅದನ್ನು ನಂಬಿ ಕೂಡಬಾರದು. ಇದಕ್ಕಿಂತ ಗಂಭೀರವಾದದ್ದು ಎಣಿಕೆಯಲ್ಲಿ ಬಿಟ್ಟುಹೋದವರ ಸಂಗತಿ. ಗಣತಿ ನಡೆಸುವ ಸರ್ಕಾರಿ ಸಂಸ್ಥೆಯಾದ ಸೆನ್ಸಸ್ ಬ್ಯೂರೋ ಗಣತಿಯ ನಂತರ ತಾನೇ ನಡೆಸಿದ ಪರಿಶೀಲನೆಯಂತೆ, ಹಿಸ್ಪಾನಿಕರ ಎಣಿಕೆ ದೇಶದ ಮಟ್ಟದಲ್ಲಿ ನಿಜಕ್ಕಿಂತ ಶೇ. 4.99ರಷ್ಟು, ಕಪ್ಪು ವರ್ಣೀಯರದು ಶೇ. 3.30ರಷ್ಟು ಕಡಿಮೆಯಾಗಿದೆ. ಹಿಸ್ಪಾನಿಕರಲ್ಲದ ಬಿಳಿಯರನ್ನು ಶೇ. 1.64ರಷ್ಟು, ಏಷ್ಯನ್ನರನ್ನು ಶೇ. 2.62ರಷ್ಟು ಹೆಚ್ಚಾಗಿ ಎಣಿಸಲಾಗಿದೆ. ವಲಸೆ ಕಾರ್ಮಿಕರು ಹೆಚ್ಚಿರುವ ಊರಿನ ಸಂಖ್ಯೆಯನ್ನು ನೋಡುವಾಗ ಈ ಓರೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇಷ್ಟಾದರೂ, ‘ಈ ಊರಿನಲ್ಲಿ ಯಾವ ಜನಾಂಗದವರು ಎಷ್ಟಿದ್ದಾರೆ’ ಎಂಬ ನೇರ ಪ್ರಶ್ನೆಗೆ, ಊರಿನ ಜನಸಂಖ್ಯೆ ಹತ್ತು ಹನ್ನೆರಡು ಸಾವಿರಕ್ಕಿಂತ ಕಡಿಮೆಯಿದ್ದರೆ, ನಾನು ನಿಸ್ಸಂದೇಹವಾಗಿ ಗಣತಿಯನ್ನೇ ಆಯ್ದುಕೊಳ್ಳುತ್ತೇನೆ. ಅದರಲ್ಲೂ ಚುನಾವಣಾ ಕ್ಷೇತ್ರಗಳ ಮರುವಿಂಗಡಣೆಗಾಗಿ 2021ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ದತ್ತಾಂಶದ ‘ಪಿ2’ ಎಂಬ ಕೋಷ್ಟಕ ಎಲ್ಲಕ್ಕಿಂತ ಅನುಕೂಲಕರ. ಕಾರಣ ಇಷ್ಟೇ: ಅಮೆರಿಕದ ಗಣತಿಯಲ್ಲಿ ಹಿಸ್ಪಾನಿಕ್ ಎಂಬುದು ಜನಾಂಗವಲ್ಲ, ಅದೊಂದು ಪ್ರತ್ಯೇಕ ಪ್ರಶ್ನೆ. ಹಿಸ್ಪಾನಿಕ್ ಎಂದು ಗುರುತಿಸಿಕೊಂಡವರು ಮುಂದಿನ ಪ್ರಶ್ನೆಯಲ್ಲಿ ಬಿಳಿಯರೆಂದೋ, ಕಪ್ಪು ವರ್ಣೀಯರೆಂದೋ, ಬೇರೆ ಯಾವುದೋ ಜನಾಂಗದವರೆಂದೋ ಗುರುತು ಹಾಕಬಹುದು. ಇದನ್ನರಿಯದೆ ಜನಾಂಗದ ಸಾಲಿನ ಶೇಕಡಾವಾರುಗಳಿಗೆ ಹಿಸ್ಪಾನಿಕರ ಶೇಕಡಾವಾರನ್ನು ಸೇರಿಸಿದರೆ ಮೊತ್ತ ನೂರನ್ನು ಮೀರುತ್ತದೆ. ಪಿ2 ಕೋಷ್ಟಕವು ಹಿಸ್ಪಾನಿಕರನ್ನು ಮೊದಲು ಬೇರ್ಪಡಿಸಿ, ಉಳಿದವರನ್ನು ಜನಾಂಗವಾರು ವಿಂಗಡಿಸುವುದರಿಂದ ಒಬ್ಬ ವ್ಯಕ್ತಿ ಒಂದೇ ಕಡೆ ಕಾಣಿಸಿಕೊಳ್ಳುತ್ತಾನೆ. ಸಮೀಕ್ಷೆಯಲ್ಲಿ ಇದಕ್ಕೆ ಸಮನಾದದ್ದು ‘ಬಿ03002’ ಎಂಬ ಕೋಷ್ಟಕ.

2010 ಮತ್ತು 2020ರ ಗಣತಿಗಳನ್ನು ಹೋಲಿಸಿ ಊರು ಎಷ್ಟು ಬದಲಾಗಿದೆಯೆಂದು ತಿಳಿಯಲು ಬಯಸುವವರಿಗೆ ಒಂದು ಎಚ್ಚರಿಕೆ. ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ಗುರುತಿಸಿಕೊಂಡವರು ದೇಶದಲ್ಲಿ 2010ರಲ್ಲಿ 90 ಲಕ್ಷ ಇದ್ದರು, 2020ರಲ್ಲಿ 3 ಕೋಟಿ 38 ಲಕ್ಷವಾದರು. ಹತ್ತು ವರ್ಷಗಳಲ್ಲಿ ಅಷ್ಟು ಮಿಶ್ರ ವಿವಾಹಗಳಾಗಲಿಲ್ಲ. ಬಿಳಿಯರೂ ಕಪ್ಪು ವರ್ಣೀಯರೂ ತಮ್ಮ ಮೂಲವನ್ನು ಬರೆಯಲು ಹೊಸ ಸಾಲು ಸೇರಿದ್ದು, ಬರೆದ ಉತ್ತರದ 30 ಅಕ್ಷರಗಳ ಬದಲು 200 ಅಕ್ಷರಗಳನ್ನು ಓದಿಕೊಂಡದ್ದು, ಉತ್ತರಗಳನ್ನು ವಿಂಗಡಿಸುವ ನಿಯಮ ಬದಲಾದದ್ದು ಆ ಏರಿಕೆಗೆ ಮುಖ್ಯ ಕಾರಣಗಳು. ಹಿಸ್ಪಾನಿಕರು ಹೆಚ್ಚಿರುವ ಸಣ್ಣ ಊರಿನಲ್ಲಿ ‘ಬಿಳಿಯರು ಮಾತ್ರ’ ಎಂಬ ಸಾಲು ಕುಸಿದಿದ್ದರೆ, ಜನ ಊರು ಬಿಟ್ಟುಹೋದರೆಂದು ತೀರ್ಮಾನಿಸುವ ಮುನ್ನ ಪಿ2 ಕೋಷ್ಟಕದಲ್ಲಿ ‘ಹಿಸ್ಪಾನಿಕರಲ್ಲದ ಬಿಳಿಯರು’ ಎಂಬ ಸಾಲನ್ನು ಎರಡೂ ವರ್ಷಗಳಿಗೆ ನೋಡಬೇಕು.

ಜನಾಂಗದ ಹೆಸರಿನೊಳಗೆ ಯಾರಿದ್ದಾರೆ

ಎಣಿಕೆ ಸರಿಯಾಗಿ ಸಿಕ್ಕಿತೆಂದ ಮಾತ್ರಕ್ಕೆ ಊರು ತಿಳಿದಂತಾಗುವುದಿಲ್ಲ. ಮಿಷಿಗನ್ ರಾಜ್ಯದ ಹ್ಯಾಮ್‌ಟ್ರಾಮಿಕ್ ಇದಕ್ಕೆ ಬಹಳ ಒಳ್ಳೆಯ ನಿದರ್ಶನ. ಡೆಟ್ರಾಯಿಟ್ ನಗರದ ನಡುವೆ ದ್ವೀಪದಂತಿರುವ, ಎರಡು ಚದರ ಮೈಲಿಗಿಂತ ತುಸು ದೊಡ್ಡದಾದ ಈ ಪುಟ್ಟ ನಗರದಲ್ಲಿ 2020ರ ಗಣತಿಯಂತೆ 28,433 ಜನರಿದ್ದರು. ಇಪ್ಪತ್ತನೆಯ ಶತಮಾನದ ಬಹುಭಾಗ ಇದು ಮೋಟಾರು ಕಾರ್ಖಾನೆಯ ಪೋಲಿಷ್ ಕಾರ್ಮಿಕರ ಊರಾಗಿತ್ತು. ಈಚಿನ ದಶಕಗಳಲ್ಲಿ ಯೆಮನ್ ಮತ್ತು ಬಾಂಗ್ಲಾದೇಶದಿಂದ ಬಂದವರು ಇಲ್ಲಿ ನೆಲೆಸಿದರು. 2015ರ ಚುನಾವಣೆಯಲ್ಲಿ ನಗರ ಸಭೆಯಲ್ಲಿ ಮುಸ್ಲಿಮರು ಬಹುಮತ ಪಡೆದಾಗ ಅದು ದೇಶದ ಸುದ್ದಿಯಾಯಿತು. ಆದರೆ ಗಣತಿಯ ಜನಾಂಗದ ಕೋಷ್ಟಕವನ್ನಷ್ಟೇ ನೋಡಿದವರಿಗೆ ಇದಾವುದೂ ಕಾಣುವುದಿಲ್ಲ. 1997ರ ಕೇಂದ್ರ ಮಾನದಂಡದಂತೆ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಮೂಲದವರು ಬಿಳಿಯರ ಸಾಲಿಗೇ ಸೇರುವುದರಿಂದ, ಪೋಲಿಷ್ ಅಜ್ಜಿಯೂ ನಿನ್ನೆ ಮೊನ್ನೆ ಸನಾದಿಂದ ಬಂದ ಯೆಮನಿ ತರುಣನೂ ಅಲ್ಲಿ ಒಂದೇ ಅಂಕಿಯಲ್ಲಿ ಅಡಗಿದ್ದಾರೆ. ಧರ್ಮವನ್ನಂತೂ ಅಮೆರಿಕದ ಗಣತಿ ಕೇಳುವುದೇ ಇಲ್ಲ, ಧರ್ಮದ ಬಗ್ಗೆ ಕಡ್ಡಾಯವಾಗಿ ಉತ್ತರಿಸುವಂತೆ ಒತ್ತಾಯಿಸುವುದನ್ನು 1976ರ ಕಾನೂನು ತಡೆಯುತ್ತದೆ.

ನ್ಯೂಯಾರ್ಕ್ ರಾಜ್ಯದ ಕಿರ್ಯಾಸ್ ಜೋಯೆಲ್ ಇನ್ನೊಂದು ತುದಿ. ಸಂಪ್ರದಾಯನಿಷ್ಠ ಹಸಿದಿಕ್ ಪಂಥದ ಸತ್ಮಾರ್ ಶಾಖೆಯ ಯಹೂದಿಗಳು ಕಟ್ಟಿಕೊಂಡ ಈ ಗ್ರಾಮ 2010ರಲ್ಲಿ 20,175 ಜನರನ್ನೂ 2020ರಲ್ಲಿ 32,954 ಜನರನ್ನೂ ಹೊಂದಿತ್ತು. ಜನಾಂಗದ ಕೋಷ್ಟಕದಲ್ಲಿ ಇದು ಬಹುತೇಕ ಪೂರ್ತಿಯಾಗಿ ಬಿಳಿಯರ ಊರು, ಅಂದರೆ ಆಯೋವಾ ರಾಜ್ಯದ ಯಾವುದೋ ಹಳೆಯ ಜರ್ಮನ್ ರೈತರ ಊರಿಗೂ ಇದಕ್ಕೂ ವ್ಯತ್ಯಾಸವೇ ತೋರುವುದಿಲ್ಲ. ಮನೆಮಾತಿನ ಕೋಷ್ಟಕವನ್ನು ತೆರೆದಾಗ ಮಾತ್ರ ಇಲ್ಲಿನ ಬಹುಪಾಲು ಜನರು ಮನೆಯಲ್ಲಿ ಇಂಗ್ಲಿಷ್ ಮಾತನಾಡುವುದಿಲ್ಲ, ಯಿಡ್ಡಿಷ್ ಮಾತನಾಡುತ್ತಾರೆ ಎಂಬುದು ಗೊತ್ತಾಗುತ್ತದೆ. ಜಾರ್ಜಿಯಾ ರಾಜ್ಯದ ಕ್ಲಾರ್ಕ್‌ಸ್ಟನ್‌ನಲ್ಲಿ ಕಪ್ಪು ವರ್ಣೀಯರ ಸಾಲಿನೊಳಗೆ ತಲೆಮಾರುಗಳಿಂದ ಅಮೆರಿಕದಲ್ಲಿರುವ ಕುಟುಂಬಗಳೂ, ಸೊಮಾಲಿಯಾ, ಇಥಿಯೋಪಿಯಾ, ಕಾಂಗೋಗಳಿಂದ ನಿರಾಶ್ರಿತರಾಗಿ ಬಂದವರೂ ಸೇರಿದ್ದಾರೆ. ಏಷ್ಯನ್ನರ ಸಾಲಿನಲ್ಲಿ ಭೂತಾನದಿಂದ ಹೊರಹಾಕಲ್ಪಟ್ಟ ನೇಪಾಳಿ ಭಾಷಿಕರೂ ಬರ್ಮಾದ ಹಲವು ಬುಡಕಟ್ಟುಗಳವರೂ ಇದ್ದಾರೆ. ನಿರಾಶ್ರಿತರ ಪುನರ್ವಸತಿಯಿಂದಾಗಿ ‘ಅಮೆರಿಕದ ಅತಿ ವೈವಿಧ್ಯಮಯ ಚದರ ಮೈಲಿ’ ಎಂದು ಹೆಸರಾದ ಈ ಊರಿನ ವೈವಿಧ್ಯ ಇರುವುದು ಜನಾಂಗಗಳ ನಡುವೆ ಎನ್ನುವುದಕ್ಕಿಂತ ಒಂದೊಂದು ಜನಾಂಗದ ಒಳಗೆ ಎನ್ನಬೇಕು.

ಭಾರತೀಯರು ಈ ವರ್ಗೀಕರಣದಲ್ಲಿ ಅಲೆದಾಡಿದ ಕಥೆಯೂ ಚಿಕ್ಕದಲ್ಲ. 1920, 1930 ಮತ್ತು 1940ರ ಗಣತಿಗಳಲ್ಲಿ ‘ಹಿಂದೂ’ ಎಂಬುದೇ ಒಂದು ಜನಾಂಗದ ಹೆಸರಾಗಿತ್ತು, ಪಂಜಾಬಿನ ಸಿಖ್ಖರನ್ನೂ ಅದರಲ್ಲೇ ಬರೆಯುತ್ತಿದ್ದರು. 1970ರಲ್ಲಿ ಭಾರತೀಯರನ್ನು ಬಿಳಿಯರೊಂದಿಗೆ ಸೇರಿಸಲಾಯಿತು. ವಲಸಿಗ ಸಂಘಟನೆಗಳು ಒತ್ತಾಯಿಸಿದ ಮೇಲೆ 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಪ್ರತ್ಯೇಕ ಆಯ್ಕೆ ಬಂತು. 2020ರ ಗಣತಿಯಲ್ಲಿ ಆ ಒಂದೇ ಗುರುತನ್ನು ಹಾಕಿದವರು ಸುಮಾರು 44 ಲಕ್ಷ. ಊರಿನ ಕೋಷ್ಟಕದಲ್ಲಿ ‘ಅಮೆರಿಕನ್ ಇಂಡಿಯನ್’ ಎಂದಿರುವ ಸಾಲು ಅಲ್ಲಿನ ಮೂಲನಿವಾಸಿಗಳದು, ಅದನ್ನು ನಮ್ಮವರದೆಂದು ಓದಬಾರದು.

ಹೀಗಿರುವಾಗ ಜನಾಂಗದ ಸಾಲಿನ ಆಚೆಗೆ ಹೋಗಲು ಮೂರು ದಾರಿಗಳಿವೆ. ಮೊದಲನೆಯದು, 2023ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ 2020ರ ಗಣತಿಯ ವಿವರವಾದ ಜನಾಂಗೀಯ ಕಡತ. ಜನರು ಕೈಯಾರೆ ಬರೆದ ಮೂಲಗಳನ್ನು ಅದರಲ್ಲಿ ಎಣಿಸಿರುವುದರಿಂದ ಯೆಮನಿಗಳು, ಪೋಲಿಷರು, ಸೊಮಾಲಿಗಳು, ನೇಪಾಳಿಗಳು, ಏಷ್ಯನ್ ಇಂಡಿಯನ್ನರು ಬೇರೆ ಬೇರೆಯಾಗಿ ಸಿಗುತ್ತಾರೆ. ಒಂದು ಕನಿಷ್ಠ ಸಂಖ್ಯೆಗಿಂತ ಕಡಿಮೆಯಿರುವ ಗುಂಪನ್ನು ಮಾತ್ರ ಪ್ರಕಟಿಸುವುದಿಲ್ಲ. ಎರಡನೆಯದು, ಸಮೀಕ್ಷೆಯಲ್ಲಿ ಹುಟ್ಟಿದ ದೇಶವನ್ನು ಹೇಳುವ ‘ಬಿ05006’. ಮೂರನೆಯದು ಮನೆಮಾತಿನ ಕೋಷ್ಟಕ. ಈ ಮೂರರಲ್ಲಿ ಹತ್ತು ಸಾವಿರದೊಳಗಿನ ಊರಿಗೆ ನಾನು ಮೊದಲನೆಯದನ್ನೇ ಮೇಲೆಂದು ಎಣಿಸುತ್ತೇನೆ. ಎಲ್ಲರನ್ನೂ ಕೇಳಿ ಪಡೆದ ಉತ್ತರವಾದ್ದರಿಂದ ಮಾದರಿ ಸಮೀಕ್ಷೆಯ ಅಲುಗಾಟ ಅದರಲ್ಲಿಲ್ಲ. ಮನೆಮಾತಿನ ಕೋಷ್ಟಕದಿಂದ ಕನ್ನಡಿಗರನ್ನು ಹುಡುಕಬಹುದೆಂದು ಆಸೆಪಡುವವರಿಗೆ ನಿರಾಸೆ ಕಾದಿದೆ. ಸಣ್ಣ ಊರುಗಳಿಗೆ ಸಿಗುವ ‘ಸಿ16001’ ಎಂಬ ಸಂಕ್ಷಿಪ್ತ ಕೋಷ್ಟಕದಲ್ಲಿ ಕನ್ನಡ, ತಮಿಳು, ತೆಲುಗುಗಳು ‘ಇತರ ಏಷ್ಯನ್ ಮತ್ತು ಪೆಸಿಫಿಕ್ ದ್ವೀಪ ಭಾಷೆಗಳು’ ಎಂಬಲ್ಲಿ ಜಪಾನಿ ಮತ್ತು ಹ್ಮಾಂಗ್ ಭಾಷೆಗಳ ಜೊತೆ ಕೂತಿವೆ, ಹಿಂದಿ ಮತ್ತು ಗುಜರಾತಿಗಳು ‘ಇತರ ಇಂಡೋ-ಯುರೋಪಿಯನ್’ ಎಂಬಲ್ಲಿ ಪೋರ್ಚುಗೀಸಿನ ಪಕ್ಕದಲ್ಲಿವೆ. ದೊಡ್ಡ ಪ್ರದೇಶಗಳಿಗೆ ಸಿಗುವ ವಿಸ್ತೃತ ಕೋಷ್ಟಕದಲ್ಲಿಯೂ ತೆಲುಗು ಮತ್ತು ತಮಿಳಿಗೆ ಪ್ರತ್ಯೇಕ ಸಾಲುಗಳಿದ್ದರೆ, ಕನ್ನಡವು ಮಲಯಾಳ ಮತ್ತು ಇತರ ದ್ರಾವಿಡ ಭಾಷೆಗಳೊಂದಿಗೆ ಒಂದೇ ಸಾಲಿನಲ್ಲಿದೆ. ಕನ್ನಡಿಗರ ನೆಲೆಯನ್ನು ಅರಿಯಲು ಸಮೀಪದ ದೊಡ್ಡ ನಗರದ ಕನ್ನಡ ಕೂಟವನ್ನು ಸಂಪರ್ಕಿಸುವುದೇ ಹೆಚ್ಚು ಫಲ ಕೊಡುವ ದಾರಿ.

ಒಂದೇ ಅಂಕಿಯ ಆಕರ್ಷಣೆ

ವೈವಿಧ್ಯ ಸೂಚ್ಯಂಕವು ಊರಿನಲ್ಲಿ ಯಾದೃಚ್ಛಿಕವಾಗಿ ಆಯ್ದ ಇಬ್ಬರು ಬೇರೆ ಬೇರೆ ಜನಾಂಗ ಅಥವಾ ಮೂಲದವರಾಗಿರುವ ಸಂಭವನೀಯತೆಯನ್ನು ಹೇಳುತ್ತದೆ. ಪ್ರತಿ ಗುಂಪಿನ ಪಾಲನ್ನು ವರ್ಗ ಮಾಡಿ, ಎಲ್ಲವನ್ನೂ ಕೂಡಿಸಿ, ಒಂದರಿಂದ ಕಳೆದರೆ ಅದು ಸಿಗುತ್ತದೆ. ಸೆನ್ಸಸ್ ಬ್ಯೂರೋದ ಲೆಕ್ಕದಂತೆ ಇಡೀ ದೇಶದ ಸೂಚ್ಯಂಕ 2010ರಲ್ಲಿ ಶೇ. 54.9 ಇದ್ದದ್ದು 2020ರಲ್ಲಿ ಶೇ. 61.1 ಆಯಿತು. ರಾಜ್ಯಗಳಲ್ಲಿ ಹವಾಯಿ ಶೇ. 76.0ರೊಂದಿಗೆ ಮೊದಲು, ಮೇನ್ ಶೇ. 18.5ರೊಂದಿಗೆ ಕೊನೆ.

ರಾಜ್ಯಗಳನ್ನು ಹೋಲಿಸಲು ಇದು ಉಪಯುಕ್ತ. ಎರಡು ಸಣ್ಣ ಊರುಗಳ ನಡುವೆ ಆಯ್ಕೆ ಮಾಡಲು ಇದನ್ನೊಂದನ್ನೇ ಬಳಸುವುದು ತಪ್ಪು. ಅರ್ಧ ಬಿಳಿಯರು, ಅರ್ಧ ಹಿಸ್ಪಾನಿಕರು ಇರುವ ಊರಿನ ಸೂಚ್ಯಂಕ ಶೇ. 50. ಬಿಳಿಯರು ಶೇ. 68, ಹಿಸ್ಪಾನಿಕರು ಶೇ. 12, ಕಪ್ಪು ವರ್ಣೀಯರು ಮತ್ತು ಏಷ್ಯನ್ನರು ತಲಾ ಶೇ. 10 ಇರುವ ಊರಿನ ಸೂಚ್ಯಂಕವೂ ಹೆಚ್ಚುಕಡಿಮೆ ಶೇ. 50. ಮೊದಲ ಊರಿನಲ್ಲಿ ಎರಡು ಸಮಬಲದ ಸಮುದಾಯಗಳಿವೆ, ಅಂಗಡಿ, ಚರ್ಚು, ನಗರ ಸಭೆ ಎಲ್ಲದರಲ್ಲೂ ಎರಡು ಭಾಷೆಗಳು ಕೇಳಿಸುತ್ತವೆ, ಆದರೆ ಅಲ್ಲಿಗೆ ಹೋದ ಭಾರತೀಯ ಕುಟುಂಬ ಆ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಎರಡನೆಯ ಊರಿನಲ್ಲಿ ಬಹುಸಂಖ್ಯಾತರು ಸ್ಪಷ್ಟವಾಗಿದ್ದರೂ ಹತ್ತರಲ್ಲಿ ಒಬ್ಬರು ಏಷ್ಯನ್ನರು. ಇವೆರಡೂ ಬದುಕಿನಲ್ಲಿ ಒಂದೇ ಅಲ್ಲ. ಆದ್ದರಿಂದ ಸೂಚ್ಯಂಕದ ಜೊತೆಗೆ ಅತಿ ದೊಡ್ಡ ಗುಂಪು ಯಾವುದು, ಅದರ ಪಾಲೆಷ್ಟು, ಎರಡನೆಯದು ಮತ್ತು ಮೂರನೆಯದು ಯಾವುವು ಎಂಬುದನ್ನು ಬರೆದುಕೊಳ್ಳಬೇಕು. ಸಣ್ಣ ಊರಿಗೆ ಈ ಮೂರು ಸಾಲುಗಳು ಸೂಚ್ಯಂಕಕ್ಕಿಂತ ಹೆಚ್ಚು ಹೇಳುತ್ತವೆ.

ಜನಾಂಗಗಳು ಬೇರೆ ಬೇರೆ ಬಡಾವಣೆಗಳಲ್ಲಿ ಎಷ್ಟು ಪ್ರತ್ಯೇಕವಾಗಿ ವಾಸಿಸುತ್ತವೆಂದು ಅಳೆಯುವ ಸೂಚ್ಯಂಕಗಳೂ ಇವೆ. ಅವು ದೊಡ್ಡ ನಗರಗಳಿಗೆ ಮಾಡಿದವು. ಗಣತಿಯ ಟ್ರ್ಯಾಕ್ಟ್ ಎಂಬ ಘಟಕವೇ ಸರಾಸರಿ ನಾಲ್ಕು ಸಾವಿರ ಜನರದ್ದಾಗಿರುವುದರಿಂದ ಸಣ್ಣ ಊರೊಂದರಲ್ಲಿ ಅಳೆಯಲು ಏನೂ ಉಳಿಯುವುದಿಲ್ಲ.

ಊರು ಬದಲಾಗುವ ವೇಗ

ಕಾಲದ ಪ್ರಶ್ನೆಯ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅಮೆರಿಕದ ಸಣ್ಣ ಊರುಗಳಲ್ಲಿ ಜನಾಂಗೀಯ ಸ್ವರೂಪ ಬದಲಾದ ಬಗೆಯಲ್ಲಿ ಒಂದೇ ಒಂದು ಕಾರ್ಖಾನೆಯ ಪಾತ್ರ ಎಷ್ಟು ದೊಡ್ಡದೆಂಬುದು ನಮ್ಮ ಓದುಗರಿಗೆ ಸುಲಭವಾಗಿ ಹೊಳೆಯುವುದಿಲ್ಲ. ನೆಬ್ರಾಸ್ಕಾದ ಲೆಕ್ಸಿಂಗ್ಟನ್‌ನಲ್ಲಿ 1990ರಲ್ಲಿ 6,601 ಜನರಿದ್ದರು, ಬಹುಪಾಲು ಬಿಳಿಯರು. ಆ ವರ್ಷ ಐಬಿಪಿ ಕಂಪನಿ ಅಲ್ಲಿ ದನದ ಮಾಂಸದ ಕಾರ್ಖಾನೆಯನ್ನು ತೆರೆಯಿತು. 2000ರ ಗಣತಿಯ ಹೊತ್ತಿಗೆ ಜನಸಂಖ್ಯೆ ಹತ್ತು ಸಾವಿರವನ್ನು ದಾಟಿತ್ತು, ಅರ್ಧಕ್ಕಿಂತ ತುಸು ಹೆಚ್ಚು ಜನರು ಹಿಸ್ಪಾನಿಕರಾಗಿದ್ದರು. ಮುಂದೆ ಸೊಮಾಲಿಗಳೂ ಬಂದರು. ಆಯೋವಾದ ಸ್ಟಾರ್ಮ್ ಲೇಕ್‌ನದೂ ಇಂಥದೇ ಕಥೆ: 1970ರ ದಶಕದ ಕೊನೆಯಿಂದ ಲಾವೋಸ್ ಮತ್ತು ವಿಯೆಟ್ನಾಂ ಕಡೆಯ ತಾಯ್ ಡಾಮ್ ನಿರಾಶ್ರಿತರು, ಆಮೇಲೆ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದವರು, ಅವರ ಹಿಂದೆಯೇ ಮೈಕ್ರೊನೇಷ್ಯಾದವರು. 2020ರಲ್ಲಿ 11,269 ಜನರಿದ್ದ ಈ ಊರಿನ ಶಾಲೆಗಳಲ್ಲಿ ಬಿಳಿಯರಲ್ಲದ ಮಕ್ಕಳೇ ಬಹುಸಂಖ್ಯಾತರು.

ಬಂದವರು ಹೋಗುವುದೂ ಉಂಟು. ಆಯೋವಾದ ಈಶಾನ್ಯ ಮೂಲೆಯ ಪೋಸ್ಟ್‌ವಿಲ್‌ಗೆ 1987ರಲ್ಲಿ ಬ್ರೂಕ್ಲಿನ್‌ನಿಂದ ಬಂದ ಹಸಿದಿಕ್ ಯಹೂದಿ ಕುಟುಂಬವೊಂದು ಕೋಷರ್ (ಯಹೂದಿ ಆಹಾರ ನಿಯಮಕ್ಕೆ ಒಪ್ಪುವ) ಮಾಂಸದ ಕಾರ್ಖಾನೆಯನ್ನು ಆರಂಭಿಸಿತು. ಕ್ರಮೇಣ ಎರಡು ಸಾವಿರ ಚಿಲ್ಲರೆ ಜನರ ಆ ಊರಿನಲ್ಲಿ ಲೂಥರನ್ ಪಂಥದ ಕ್ರೈಸ್ತ ರೈತರು, ಯಹೂದಿಗಳು, ಗ್ವಾಟೆಮಾಲಾದ ಕಾರ್ಮಿಕರು ಒಟ್ಟಿಗೆ ಬಾಳತೊಡಗಿದರು. 2008ರ ಮೇ 12ರಂದು ವಲಸೆ ಅಧಿಕಾರಿಗಳು ಕಾರ್ಖಾನೆಯ ಮೇಲೆ ದಾಳಿ ಮಾಡಿ 389 ಜನರನ್ನು ಬಂಧಿಸಿದರು. ಕುಟುಂಬಗಳು ಚದುರಿದವು, ಶಾಲೆಯ ತರಗತಿಗಳು ಬರಿದಾದವು, ಕಾರ್ಖಾನೆ ದಿವಾಳಿಯಾಯಿತು, ಆ ಜಾಗಕ್ಕೆ ಬೇರೆ ದೇಶಗಳ ಕಾರ್ಮಿಕರು ಬಂದರು. ದಾಳಿಯೂ ಅದರ ನಂತರದ್ದೂ ನಡೆದದ್ದು ಎರಡು ಗಣತಿಗಳ ನಡುವೆ. 2000ದಲ್ಲಿ 2,273 ಜನರು, 2010ರಲ್ಲಿ 2,227 ಜನರು ಎಂಬ ಸಂಖ್ಯೆಗಳನ್ನು ನೋಡಿದವರು ಊರು ಹತ್ತು ವರ್ಷ ನಿಶ್ಚಲವಾಗಿತ್ತೆಂದೇ ಭಾವಿಸುತ್ತಾರೆ. 2006ರಿಂದ 2010ರವರೆಗಿನ ಸಮೀಕ್ಷೆಯ ಅಂದಾಜಂತೂ ದಾಳಿಯ ಹಿಂದಿನ ಊರನ್ನೂ ಮುಂದಿನ ಊರನ್ನೂ ಕಲಸಿ, ಯಾವ ದಿನವೂ ಇದ್ದಿರದ ಒಂದು ಊರನ್ನು ವರ್ಣಿಸುತ್ತದೆ.

ಇಂತಹ ಊರುಗಳಿಗೆ ನಾನು ಶಾಲಾ ದಾಖಲಾತಿಯ ಅಂಕಿಅಂಶವನ್ನು ಉಳಿದೆಲ್ಲಕ್ಕಿಂತ ಮೇಲೆ ಇಡುತ್ತೇನೆ. ಪ್ರತಿ ಸರ್ಕಾರಿ ಶಾಲೆಯೂ ಪ್ರತಿ ವರ್ಷ ಶರತ್ಕಾಲದಲ್ಲಿ ಮಕ್ಕಳ ಜನಾಂಗವಾರು ಲೆಕ್ಕವನ್ನು ಒಪ್ಪಿಸುತ್ತದೆ. ರಾಜ್ಯದ ಶಿಕ್ಷಣ ಇಲಾಖೆಯೂ ಕೇಂದ್ರದ ಶಿಕ್ಷಣ ಅಂಕಿಅಂಶ ಕೇಂದ್ರವೂ ಅದನ್ನು ಪ್ರಕಟಿಸುತ್ತವೆ. ಅದು ಮಾದರಿಯಲ್ಲ, ತಲೆ ಎಣಿಕೆ. ಹತ್ತು ವರ್ಷ ಕಾಯಬೇಕಾಗಿಲ್ಲ, ಐದು ವರ್ಷಗಳ ಸರಾಸರಿಯೂ ಅಲ್ಲ. ಕಾರ್ಖಾನೆ ತೆರೆದ ಅಥವಾ ಮುಚ್ಚಿದ ಪರಿಣಾಮ ಮರುವರ್ಷದ ದಾಖಲಾತಿಯಲ್ಲೇ ಕಾಣಿಸುತ್ತದೆ. ಅದರ ಮಿತಿಗಳನ್ನೂ ತಿಳಿದಿರಬೇಕು: ಶಾಲಾ ಜಿಲ್ಲೆಯ ಗಡಿ ಊರಿನ ಗಡಿಗಿಂತ ಭಿನ್ನವಾಗಿರುತ್ತದೆ, ಕಿರ್ಯಾಸ್ ಜೋಯೆಲ್‌ನಂತೆ ಬಹುತೇಕ ಮಕ್ಕಳು ಖಾಸಗಿ ಧಾರ್ಮಿಕ ಶಾಲೆಗೆ ಹೋಗುವಲ್ಲಿ ಅದು ನಿಷ್ಪ್ರಯೋಜಕ, ಮತ್ತು ಅದು ಮಕ್ಕಳನ್ನಷ್ಟೇ ತೋರಿಸುತ್ತದೆ. ವಯಸ್ಸಾದವರಲ್ಲಿ ಬಿಳಿಯರ ಪಾಲು ಹೆಚ್ಚು. 2020ರ ಗಣತಿಯಲ್ಲಿ 18 ವರ್ಷದೊಳಗಿನವರಲ್ಲಿ ಹಿಸ್ಪಾನಿಕರಲ್ಲದ ಬಿಳಿಯರು ದೇಶದಲ್ಲೇ ಅರ್ಧಕ್ಕಿಂತ ಕಡಿಮೆಯಾಗಿದ್ದರು. ಹಾಗಾಗಿ ಶಾಲೆಯ ಚಿತ್ರ ಊರಿನ ಇಂದಿನ ಮತದಾರರ ಚಿತ್ರವಲ್ಲ. ಆದರೆ ಮಗುವನ್ನು ಕರೆದುಕೊಂಡು ಹೋಗುವ ತಂದೆತಾಯಿಗೆ ಬೇಕಾದದ್ದು ಮಗುವಿನ ಸಹಪಾಠಿಗಳ ಚಿತ್ರವೇ.

ಗಡಿ ಮತ್ತು ಗೋಡೆ

ಯಾವ ಮೂಲವನ್ನು ಆಯ್ದುಕೊಂಡರೂ ಊರಿನ ಗಡಿಯನ್ನು ಪರೀಕ್ಷಿಸಬೇಕು. ಕ್ಲಾರ್ಕ್‌ಸ್ಟನ್‌ನ ಜನಸಂಖ್ಯೆ 2010ರಲ್ಲಿ 7,554 ಇದ್ದದ್ದು 2020ರಲ್ಲಿ 14,756 ಆದದ್ದಕ್ಕೆ ಮುಖ್ಯ ಕಾರಣ ನಗರ ಪಕ್ಕದ ಪ್ರದೇಶಗಳನ್ನು ತನ್ನೊಳಗೆ ಸೇರಿಸಿಕೊಂಡದ್ದು. ಆ ಎರಡು ವರ್ಷಗಳ ಶೇಕಡಾವಾರುಗಳನ್ನು ಹೋಲಿಸಿದರೆ ಎರಡು ಬೇರೆ ಊರುಗಳನ್ನು ಹೋಲಿಸಿದಂತೆ. ಭಾರತೀಯರು ಬಹಳವಾಗಿ ನೆಲೆಸಿರುವ ನ್ಯೂಜೆರ್ಸಿಯಲ್ಲಿ ಈ ಗೊಂದಲ ಇನ್ನೊಂದು ಬಗೆಯದು. ಪ್ಲೇನ್ಸ್‌ಬರೋ ಟೌನ್‌ಶಿಪ್ಪಿನೊಳಗೆ ಪ್ರಿನ್ಸ್‌ಟನ್ ಮೆಡೋಸ್ ಎಂಬ ಗಣತಿ ನಿಗದಿತ ಸ್ಥಳ (ಸ್ವಂತ ಸ್ಥಳೀಯ ಆಡಳಿತವಿಲ್ಲದ, ಎಣಿಕೆಗಾಗಿ ಮಾತ್ರ ಗಡಿ ಹಾಕಿದ ಜಾಗ) ಇದೆ, ಪ್ರಿನ್ಸ್‌ಟನ್ ಎಂಬ ಬೇರೆಯೇ ಪುರಸಭೆ ಪಕ್ಕದಲ್ಲಿದೆ. ಹೆಸರಿನ ಹೋಲಿಕೆಯನ್ನು ನಂಬಿ ಒಂದರ ಕೋಷ್ಟಕವನ್ನು ಇನ್ನೊಂದಕ್ಕೆ ಓದುವುದು ಸುಲಭ.

ಸೆರೆಮನೆ, ವಿದ್ಯಾರ್ಥಿನಿಲಯ, ಸೇನಾ ನೆಲೆಗಳಲ್ಲಿರುವವರನ್ನು ಗಣತಿಯು ಅವರು ಇರುವ ಜಾಗದಲ್ಲೇ ಎಣಿಸುತ್ತದೆ. ಆಯೋವಾದ ಅನಮೋಸಾದಲ್ಲಿ ನಗರ ಸಭೆಯ ಒಂದು ವಾರ್ಡಿನ ಜನರಲ್ಲಿ ಬಹುತೇಕರು ರಾಜ್ಯದ ಸೆರೆಮನೆಯ ಕೈದಿಗಳಾಗಿದ್ದರಿಂದ, 2005ರಲ್ಲಿ ಅಲ್ಲಿನ ಸದಸ್ಯ ಎರಡೇ ಮತಗಳಿಂದ ಆಯ್ಕೆಯಾದದ್ದು ದೇಶದಾದ್ಯಂತ ಚರ್ಚೆಯಾಯಿತು. ಬಿಳಿಯ ರೈತರ ನಡುವಿನ ಸಣ್ಣ ಊರೊಂದರಲ್ಲಿ ಕಪ್ಪು ವರ್ಣೀಯರ ಪಾಲು ಅನಿರೀಕ್ಷಿತವಾಗಿ ಹೆಚ್ಚಿದ್ದು, ಅವರಲ್ಲಿ ಬಹುಪಾಲು ಗಂಡಸರೇ ಆಗಿದ್ದರೆ, ಆ ವೈವಿಧ್ಯ ಗೋಡೆಯ ಒಳಗಿದೆ. ‘ಗ್ರೂಪ್ ಕ್ವಾರ್ಟರ್ಸ್’ (ಸಾಮೂಹಿಕ ವಸತಿ) ಎಂಬ ಕೋಷ್ಟಕವನ್ನು ತೆರೆದರೆ ಇದು ಒಡನೆ ಗೊತ್ತಾಗುತ್ತದೆ.

ಯಾರಿಗೆ ಯಾವುದು

ಮೂರು ವರ್ಷದ ಒಪ್ಪಂದದ ಮೇಲೆ ಮಕ್ಕಳೊಂದಿಗೆ ಹೋಗುವ ವೈದ್ಯ ದಂಪತಿಗಳು ಮೊದಲು ಶಾಲಾ ಜಿಲ್ಲೆಯ ಈಚಿನ ದಾಖಲಾತಿಯನ್ನು, ಆಮೇಲೆ 2020ರ ಪಿ2 ಕೋಷ್ಟಕವನ್ನು, ಕೊನೆಗೆ ವಿವರವಾದ ಜನಾಂಗೀಯ ಕಡತದಲ್ಲಿ ಏಷ್ಯನ್ ಇಂಡಿಯನ್ನರ ಸಾಲನ್ನು ನೋಡಿದರೆ ಸಾಕು. ಅವರಿಗೆ ಸೂಚ್ಯಂಕ ಬೇಕಾಗಿಲ್ಲ. ಒಬ್ಬರೇ ಹೋಗುವ ವಿದ್ಯಾರ್ಥಿಗೆ ಊರಿಗಿಂತ ವಿಶ್ವವಿದ್ಯಾಲಯ ಪ್ರಕಟಿಸುವ ವಿದ್ಯಾರ್ಥಿಗಳ ವಿವರವೇ ಹೆಚ್ಚು ಪ್ರಸ್ತುತ. ಲೇಖನ ಅಥವಾ ಸಂಶೋಧನೆಗಾಗಿ ಊರನ್ನು ಅಧ್ಯಯನ ಮಾಡುವವರು ಗಣತಿಯನ್ನು ಆಧಾರವಾಗಿಟ್ಟುಕೊಂಡು, ಹುಟ್ಟಿದ ದೇಶ ಮತ್ತು ಮನೆಮಾತುಗಳಿಗಾಗಿ ಸಮೀಕ್ಷೆಗೆ ಹೋಗಬೇಕು. ಆಗ 2014–2018 ಮತ್ತು 2019–2023ರಂತೆ ಒಂದರ ಮೇಲೊಂದು ಬೀಳದ ಅವಧಿಗಳನ್ನು ಮಾತ್ರ ಹೋಲಿಸಬೇಕು, ಏಕೆಂದರೆ 2018–2022 ಮತ್ತು 2019–2023ರಲ್ಲಿ ನಾಲ್ಕು ವರ್ಷಗಳ ಉತ್ತರಗಳು ಒಂದೇ. ಸೆನ್ಸಸ್ ಬ್ಯೂರೋದ ಕ್ವಿಕ್‌ಫ್ಯಾಕ್ಟ್ಸ್ ಪುಟ ಓದಲು ಬಹಳ ಸುಲಭ, ಆದರೆ ಅದು 5,000ಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಇಲ್ಲ, ಮತ್ತು ಬೇರೆ ಬೇರೆ ಮೂಲಗಳ ಸಂಖ್ಯೆಗಳನ್ನು ಒಂದೇ ಪುಟದಲ್ಲಿ ಕೊಡುತ್ತದೆ. ಮೊದಲ ಪರಿಚಯಕ್ಕೆ ಮಾತ್ರ ಅದನ್ನು ಬಳಸಬಹುದು.

ದೀರ್ಘಕಾಲ ನೆಲೆಸಲು, ಮನೆ ಕೊಳ್ಳಲು ಹೊರಟವರು ಇನ್ನೊಂದು ಕೆಲಸವನ್ನು ಮಾಡಬೇಕು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಹೊಸ ಮಾನದಂಡದಂತೆ ಜನಾಂಗ ಮತ್ತು ಹಿಸ್ಪಾನಿಕ್ ಮೂಲಗಳ ಎರಡು ಪ್ರಶ್ನೆಗಳು ಒಂದಾಗುತ್ತವೆ, ‘ಮಧ್ಯಪ್ರಾಚ್ಯ ಅಥವಾ ಉತ್ತರ ಆಫ್ರಿಕಾ’ ಎಂಬ ಹೊಸ ವರ್ಗ ಸೇರುತ್ತದೆ. ಇಲಾಖೆಗಳಿಗೆ ಆಗ ಕೊಟ್ಟ ಗಡುವು 2029ರ ಮಾರ್ಚ್ ಆಗಿತ್ತು. ಅದು ಹಾಗೆಯೇ ಜಾರಿಗೆ ಬಂದರೆ 2030ರ ಗಣತಿಯಲ್ಲಿ ಹ್ಯಾಮ್‌ಟ್ರಾಮಿಕ್‌ನ ಬಿಳಿಯರ ಸಂಖ್ಯೆ ಒಬ್ಬರೂ ಊರು ಬಿಡದೆಯೇ ಕುಸಿಯುತ್ತದೆ, ಲೆಕ್ಸಿಂಗ್ಟನ್‌ನಲ್ಲಿ ಹಿಸ್ಪಾನಿಕರು ಗುರುತು ಹಾಕುತ್ತಿದ್ದ ‘ಇತರ ಜನಾಂಗ’ ಎಂಬ ಸಾಲು ಬಹಳಮಟ್ಟಿಗೆ ಬರಿದಾಗುತ್ತದೆ. ಆದ್ದರಿಂದ ತಮ್ಮ ಊರಿನ 2020ರ ಪಿ2 ಕೋಷ್ಟಕವನ್ನೂ ವಿವರವಾದ ಕಡತದ ಸಾಲುಗಳನ್ನೂ ಈಗಲೇ ಇಳಿಸಿಟ್ಟುಕೊಂಡು, ಮುಂದಿನ ಗಣತಿ ಬಂದಾಗ ಜನಾಂಗದ ಒಟ್ಟು ಸಾಲುಗಳನ್ನು ಬಿಟ್ಟು ಯೆಮನಿ, ಪೋಲಿಷ್, ಮೆಕ್ಸಿಕನ್, ಏಷ್ಯನ್ ಇಂಡಿಯನ್ ಎಂಬಂತಹ ವಿವರವಾದ ಗುಂಪುಗಳನ್ನೇ ಒಂದಕ್ಕೊಂದು ಎದುರಿಟ್ಟು ಹೋಲಿಸಬೇಕು.